ಖಾಲಿ ಬಿಟ್ಟ ಎರಡು ಖಾನೆಗಳು

ಕಳೆದ ಆಷಾಢದಲ್ಲಿ ಮನೆಯ ಮಿಕ್ಸರ್ ಕೆಟ್ಟು ನಿಂತ ಕಾರಣ, ಅದನ್ನು ದುರಸ್ತಿಗೆ ಒಪ್ಪಿಸುವ ಸಲುವಾಗಿ ಕೊಪ್ಪಳದ ಬಸ್ ನಿಲ್ದಾಣದ ಹಿಂದಿನ ಒಂದು ಚಿಕ್ಕ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಬೆಸುಗೆ ಹಾಕುವ ಕಡ್ಡಿಯ ಕಾದ ತುದಿಯನ್ನು ರಾಳದ ಡಬ್ಬಿಗೆ ಮುಟ್ಟಿಸಿದರು. ನೀಲಿ ಹೊಗೆಯ ಒಂದು ಎಳೆ ಎದ್ದು, ರಾಳದ ವಾಸನೆ ಹೊತ್ತು ನನ್ನ ಕಡೆಗೇ ಬಂತು. "ಒಂದ್ ತಾಸ್ ಬಿಟ್ಟ ಬರ್ರಿ ಅಮ್ಮಾರ" ಎಂದು ಅವರು ಹೇಳಿದ್ದು ಕೇಳಿಸಿತಾದರೂ ನನ್ನಿಂದ ಹೊರಡಲಾಗಲಿಲ್ಲ. ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತು, ಕೈಚೀಲದೊಳಗೆ ಕೈ ಹಾಕಿ ಏನನ್ನೋ ಹುಡುಕತೊಡಗಿದೆ. ಹುಡುಕುತ್ತಿದ್ದುದು ಒಂದು ನೇಮಕಾತಿ ಆದೇಶದ ಪ್ರತಿಯನ್ನು. ಆ ಆದೇಶದ ಅವಧಿ ಮುಗಿದು ಮೂವತ್ತೈದು ವರ್ಷಗಳ ಮೇಲಾಗಿತ್ತು.

ಆ ವಾಸನೆಗೆ ಸಂಬಂಧಿಸಿದ ಮುಂಗಾರಿನ ವಿವರವನ್ನು ಈ ಕೆಳಗೆ ಸಲ್ಲಿಸುತ್ತಿದ್ದೇನೆ. ಕುಷ್ಟಗಿಯ ಒಂದು ಕಚೇರಿಯಲ್ಲಿ ಸೇವೆಯಿಂದ ನಿವೃತ್ತಳಾಗುವವರೆಗೂ ನಾನು ಬರೆದದ್ದು ಸರ್ಕಾರಿ ಪತ್ರಗಳನ್ನು ಮಾತ್ರ. ಸ್ವಂತದ್ದೆಂದು ಬರೆಯುತ್ತಿರುವುದು ಇದೇ ಮೊದಲು. ಕ್ರಮದಲ್ಲಿ ಲೋಪ ಕಂಡುಬಂದರೆ ಓದುವವರು ಮನ್ನಿಸಬೇಕಾಗಿ ಕೋರುತ್ತೇನೆ.

ನನ್ನ ಊರು ಕುಕನೂರು. ನಮ್ಮ ಕಡೆ ನೀರೆಂದರೆ ಮೇಲಿನಿಂದ ಬರತಕ್ಕದ್ದು. ಬಂದರೆ ಬಂತು, ಇಲ್ಲವಾದರೆ ಇಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ವರ್ಷದ ಜೂನ್ ತಿಂಗಳಲ್ಲಿ, ನನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಸಿದ್ದಾಪುರದ ಸಮೀಪದ ಒಂದು ಕಾಲುವೆ ಕ್ಯಾಂಪಿನ ತಾತ್ಕಾಲಿಕ ಪ್ರಯೋಗ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಹಾಜರಾದೆ. ಕೊಪ್ಪಳದಲ್ಲಿ ಒಂದು, ಗಂಗಾವತಿಯಲ್ಲಿ ಒಂದು ಬಸ್ಸು ಬದಲಿಸಿದೆ. ಗಂಗಾವತಿ ದಾಟಿದ ಮೇಲೆ ರಸ್ತೆಯ ಪಕ್ಕದಲ್ಲಿ, ಬಸ್ಸಿನ ಕಿಟಕಿಯ ಮಟ್ಟಕ್ಕೆ, ನೀರು ಹರಿದು ಬರುತ್ತಿತ್ತು. ನೀರು ಪಕ್ಕದಿಂದಲೂ ಬರಬಹುದೆಂಬುದನ್ನು ಕಂಡದ್ದು ಅಂದೇ. ಕಪ್ಪು ಕೆಸರು ಚಪ್ಪಲಿಯನ್ನು ಕಿತ್ತುಕೊಂಡಿತು. ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಆದೇಶ ಹಿಡಿದು ಕಚೇರಿಯ ಮೆಟ್ಟಿಲು ಹತ್ತಿದೆ.

ಆದೇಶ ಎಂಬತ್ತೊಂಬತ್ತು ದಿನಗಳಿಗೆ ಮಾತ್ರ. ತಾತ್ಕಾಲಿಕ ನೌಕರರಿಗೆ ಹಾಗೆಯೇ ಕೊಡುತ್ತಿದ್ದರು: ಎಂಬತ್ತೊಂಬತ್ತು ದಿನ ದುಡಿದ ಮೇಲೆ ಒಂದು ದಿನ ಬಿಡುವು, ಅನಂತರ ಕಚೇರಿಗೆ ಬೇಕೆನಿಸಿದರೆ ಮತ್ತೊಂದು ಆದೇಶ. ನಾನು ಪ್ರತಿ ದಿನ ಬೆಳಿಗ್ಗೆ ಎಷ್ಟು ದಿನ ಉಳಿದಿವೆ ಎಂದು ಲೆಕ್ಕ ಹಾಕುತ್ತಿದ್ದೆ. ಟೈಪ್ ಮಾಡುವಾಗ ನಡುನಡುವೆ ಕೈಚೀಲ ಮುಟ್ಟಿ ಆದೇಶದ ಪ್ರತಿ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ನನಗೆ ಕೆಲಸ ಹೇಳಿಕೊಟ್ಟವರು ಹೆಡ್ ಕ್ಲಾರ್ಕ್ ಖಾದರಸಾಬರು. ಅವರ ತಂದೆಯೂ ನಿಜಾಮರ ಕಾಲದ ದಫ್ತರದಲ್ಲಿ ಬರೆಯುವ ಕೆಲಸದಲ್ಲಿದ್ದವರಂತೆ. ಮೊದಲ ದಿನವೇ ನಾನು ಟೈಪ್ ಮಾಡಿದ ತಖ್ತೆಯನ್ನು, ಅಂದರೆ ಖಾನೆ ಹಾಕಿದ ವಿವರಪಟ್ಟಿಯನ್ನು, ಬೆಳಕಿಗೆ ಹಿಡಿದು ನೋಡಿ, ಒಂದು ಕಡೆ ಬೆರಳಿಟ್ಟರು.

"ಬಾಯಾರ, ನಿಮ್ಮ ಸ್ಪೀಡ್ ಛಲೋ ಐತಿ. ಖರೆ ಇಲ್ಲಿ ಈ ಖಾನೆ ಯಾಕ ಖಾಲಿ ಐತಿ?"

"ಅದರಾಗ ಬರಿಯೂದು ಏನೂ ಇರಲಿಲ್ರಿ."

"ಏನೂ ಇರಲಿಲ್ಲ ಅಂದ್ರ ಸೊನ್ನಿ ಹಾಕ್ರಿ, ಇಲ್ಲ ಗೆರಿ ಎಳೀರಿ. ತಖ್ತೆದಾಗ ಒಂದ ಖಾನೆನೂ ಖಾಲಿ ಇರಬಾರದು. ಇವತ್ತ ನೀವ ಖಾಲಿ ಬಿಟ್ರ ನಾಳೆ ಯಾರರೆ ಬಂದು ಅದರಾಗ ಆನಿ ಕಟ್ಟಿ ಹೋಗ್ತಾರ. ಸಹಿ ಮಾತ್ರ ನಮ್ಮದ ಇರತೈತಿ!"

ಆ ಮಾತನ್ನು ನಾನು ಎಷ್ಟು ಮನಸ್ಸಿಗೆ ಹಚ್ಚಿಕೊಂಡೆನೆಂದರೆ, ಮನೆಗೆ ಬರೆದ ಕಾಗದದಲ್ಲಿ ವಿಳಾಸದ ಒಂದು ಗೆರೆ ಖಾಲಿ ಉಳಿದಾಗ ಅಲ್ಲಿಯೂ ಅಡ್ಡಗೆರೆ ಎಳೆದಿದ್ದೆ.

ಕಚೇರಿಯ ಉದ್ದೇಶವನ್ನು ಹೇಳಬೇಕು. ನಮ್ಮ ಉಪಕಾಲುವೆ ಕ್ಯಾಂಪಿನ ಬಳಿ ಎರಡು ಕವಲಾಗುತ್ತಿತ್ತು. ಎಡದ ಕವಲು ಹತ್ತಿರದ ಊರುಗಳಿಗೆ, ಬಲದ ಕವಲು ದೂರದ ಕೊನೆಯ ಹೊಲಗಳಿಗೆ. ಎರಡಕ್ಕೂ ಕಬ್ಬಿಣದ ಬಾಗಿಲುಗಳು. ಅವುಗಳ ಚಕ್ರ ತಿರುಗಿಸಿ ನೀರು ಹಂಚುತ್ತಿದ್ದವನು ಲಸ್ಕರ್ ಹುಲಿಗೆಪ್ಪ. ಹದಿನೆಂಟು ವರ್ಷ ಹಂಗಾಮಿಯಾಗಿ ದುಡಿದಿದ್ದ ಆತನನ್ನು ಕಾಯಂ ಮಾಡುವ ಕಡತ ಅದೇ ವರ್ಷ ಮೇಲಕ್ಕೆ ಹೋಗುವುದಿತ್ತು. ಬಾಗಿಲುಗಳು ಮೋಟರಿನಿಂದ ತಾವೇ ಏಳುವಂತೆ, ಇಳಿಯುವಂತೆ ಮಾಡಬಹುದೇ ಎಂದು ಪರೀಕ್ಷಿಸುವುದೇ ನಮ್ಮ ಕಚೇರಿಯ ಕೆಲಸ. ಅದಕ್ಕಾಗಿ ನಿಯೋಜನೆಯ ಮೇಲೆ ಬಂದಿದ್ದ ಎಲೆಕ್ಟ್ರಾನಿಕ್ಸ್ ಇಂಜಿನಿಯರ್ ದೇಸಾಯಿ ಸರ್ ಧಾರವಾಡದ ಕಡೆಯವರು. ಊಟದ ಡಬ್ಬಿ ತೆರೆದಿಟ್ಟು ತಿನ್ನುವುದನ್ನು ಮರೆಯುವ ಸ್ವಭಾವದವರು.

ಮೊದಲು ಅವರು ಮಾಡಿದ್ದು ಬೆಸುಗೆಯ ಹಲಗೆ. ನೂರಾರು ಚಿಕ್ಕ ಬಿಡಿಭಾಗಗಳು, ಅವುಗಳ ನಡುವೆ ತಂತಿಗಳು. ಯಾವ ಸ್ಥಿತಿಯಲ್ಲಿ ಯಾವ ಬಾಗಿಲು ತೆರೆಯಬೇಕು ಎಂಬ ತೀರ್ಮಾನ ಆ ತಂತಿಗಳ ಜೋಡಣೆಯಲ್ಲೇ ಇತ್ತು. ಮೇಲಿನ ಕಚೇರಿಯಿಂದ ತಿದ್ದುಪಡಿ ಬಂದಾಗಲೆಲ್ಲ ತಂತಿ ಕತ್ತರಿಸಿ, ಮತ್ತೆ ಬೆಸೆಯಬೇಕಾಗುತ್ತಿತ್ತು. ಜೂನ್ ತಿಂಗಳಿಡೀ ಹೊರಗೆ ಗಾಳಿ ಮೋಡಗಳನ್ನು ಓಡಿಸಿಕೊಂಡು ಹೋಗುತ್ತಿತ್ತು, ಒಳಗೆ ರಾಳದ ಹೊಗೆ ತುಂಬಿರುತ್ತಿತ್ತು. ನನ್ನ ಸೀರೆ, ಕೂದಲು, ಕಾರ್ಬನ್ ಹಾಳೆ, ಎಲ್ಲಕ್ಕೂ ಅದೇ ವಾಸನೆ.

"ಸರ, ಹಲಗಿ ಇವತ್ತೂ ಸುಟ್ಟಕೊಂಡತೇನ್ರಿ? ವಾಸನಿ ಕಾಲುವಿ ದಂಡಿಗಂಟ ಬಂತು" ಎಂದು ಹುಲಿಗೆಪ್ಪ ಬಾಗಿಲಲ್ಲಿ ನಿಂತು ಕೇಳುತ್ತಿದ್ದ.

"ಸುಟ್ಟಿಲ್ಲೋ ಮಾರಾಯ. ತಿದ್ದಾಕತ್ತೀನಿ."

"ನಂದ ಛಲೋ ನೋಡ್ರಿ. ನನ್ನ ತಿದ್ದಾಕ ಒಂದ ಬೈಗಳ ಸಾಕು."

ಜುಲೈ ತಿಂಗಳ ಒಂದು ತುಂತುರು ಮಳೆಯ ದಿನ ದೇಸಾಯಿ ಸರ್ ರಜೆಯಿಂದ ಮರಳಿದರು. ಜೇಬಿನಿಂದ ಒಂದು ಚಿಕ್ಕ ಡಬ್ಬಿ ತೆಗೆದು ನನ್ನ ಮೇಜಿನ ಮೇಲಿಟ್ಟರು. ಒಳಗೆ ಕಪ್ಪು ಸ್ಪಂಜಿಗೆ ಚುಚ್ಚಿದ್ದ ಒಂದು ಚಿಪ್; ನಮ್ಮ ಬಾಯಲ್ಲಿ ಚಿಪ್ಪು. ಅಂಚೆ ಚೀಟಿಗಿಂತ ತುಸು ದೊಡ್ಡದು, ಸುತ್ತಲೂ ಸಣ್ಣ ಕಾಲುಗಳು. ಪರದೇಶದಲ್ಲಿ ತಯಾರಾಗಿ ಎರಡು ಮೂರು ವರ್ಷಗಳಷ್ಟೇ ಆಗಿತ್ತಂತೆ. ಅದರ ಹೆಸರು ಫೀಲ್ಡ್ ಪ್ರೋಗ್ರಾಮೆಬಲ್ ಗೇಟ್ ಅರೇ; ಈಗಿನವರು ಚಿಕ್ಕದಾಗಿ ಎಫ್‌ಪಿಜಿಎ ಎನ್ನುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ಮೇಲೆ, ಬಳಸುವ ಜಾಗದಲ್ಲಿಯೇ, ಅದು ಏನು ಮಾಡಬೇಕೆಂದು ಬರೆಯಬಹುದು, ಅಳಿಸಬಹುದು, ಮತ್ತೆ ಬರೆಯಬಹುದು ಎಂಬುದು ಆ ಹೆಸರಿನ ಅರ್ಥವೆಂದು ಸರ್ ತಿಳಿಸಿದರು.

ಹುಲಿಗೆಪ್ಪ ಕೈ ಒರೆಸಿಕೊಂಡು ಬಗ್ಗಿ ನೋಡಿದ. "ಈಗ ಇದು ಏನ್ ಮಾಡತೈತ್ರಿ?"

"ಈಗ ಏನೂ ಮಾಡೂದಿಲ್ಲ."

"ಹಂಗಾರ ಇದಕ್ಕ ಲಗೂನ ಕಾಯಂ ನೌಕರಿ ಸಿಗತೈತಿ ಬಿಡ್ರಿ."

ಖಾದರಸಾಬರು ಕನ್ನಡಕದ ಮೇಲಿಂದ ನೋಡಿದರು. ದೇಸಾಯಿ ಸರ್ ಮಾತ್ರ ಜೋರಾಗಿ ನಕ್ಕು, ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಕುಳಿತೇಬಿಟ್ಟರು. ಅವರು ಅಂದು ಹೇಳಿದ್ದನ್ನು ನಾನು ಗುರುತು ಹಾಕಿಕೊಂಡ ಪುಸ್ತಕ ಇಂದಿಗೂ ನನ್ನ ಬಳಿ ಇರುವುದರಿಂದ ಅದನ್ನು ಇಲ್ಲಿ ನಿಖರವಾಗಿ ನಿವೇದಿಸಲು ಸಾಧ್ಯವಾಗಿದೆ.

ಗಡಿಯಾರದ ಚಿಪ್ಪು ಗಡಿಯಾರಕ್ಕೆ, ಲೆಕ್ಕದ ಯಂತ್ರದ ಚಿಪ್ಪು ಲೆಕ್ಕಕ್ಕೆ. ಅವುಗಳ ಕೆಲಸ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಈ ಚಿಪ್ಪಿನಲ್ಲಿ ಕೆಲಸ ನಿಗದಿಯಾಗಿರುವುದಿಲ್ಲ, ಕೆಲಸಕ್ಕೆ ಬೇಕಾದ ಜಾಗ ಮಾತ್ರ ಇರುತ್ತದೆ. ಒಳಗೆ ಚದುರಂಗದ ಮಣೆಯಂತೆ ಎಂಟು ಸಾಲು, ಸಾಲಿಗೆ ಎಂಟು ಕೋಣೆ. ಪ್ರತಿ ಕೋಣೆಯೊಳಕ್ಕೆ ನಾಲ್ಕು ಸಂಗತಿಗಳು ಹೋಗಬಹುದು. ಪ್ರತಿಯೊಂದೂ ಹೌದು ಇಲ್ಲವೇ ಅಲ್ಲ. ಹೌದಿಗೆ ಒಂದು, ಅಲ್ಲಕ್ಕೆ ಸೊನ್ನೆ. ನಾಲ್ಕು ಸಂಗತಿಗಳು ಸೇರಿ ಹದಿನಾರು ಬಗೆಯಲ್ಲಿ ಬರಬಹುದಾದ್ದರಿಂದ ಕೋಣೆಯೊಳಗೆ ಹದಿನಾರು ಖಾನೆಗಳ ಒಂದು ಪಟ್ಟಿ ಇರುತ್ತದೆ. ಕೋಣೆ ಯೋಚನೆ ಮಾಡುವುದಿಲ್ಲ. ಬಂದದ್ದು ಯಾವ ಬಗೆ ಎಂದು ನೋಡಿ, ಆ ಖಾನೆಯಲ್ಲಿ ಬರೆದಿಟ್ಟಿರುವ ಸೊನ್ನೆಯನ್ನೋ ಒಂದನ್ನೋ ಹೊರಗೆ ಕೊಡುತ್ತದೆ. ಪಟ್ಟಿಯ ಪಕ್ಕದಲ್ಲಿ, ಕೊಟ್ಟ ಉತ್ತರವನ್ನು ಚಿಪ್ಪಿನ ಗಡಿಯಾರ ಬಡಿಯುವ ಮುಂದಿನ ತಾಳದವರೆಗೆ ಹಿಡಿದಿಡುವ ಒಂದು ಸಣ್ಣ ಜಾಗವೂ ಇರುತ್ತದೆ.

"ಮತ್ತ ಒಂದ ಕೋಣಿ ಉತ್ತರ ಇನ್ನೊಂದಕ್ಕ ಹೆಂಗ ಹೋಗತೈತ್ರಿ?" ಎಂದು ನಾನೇ ಕೇಳಿದೆ. ಕೇಳಿದ ಮೇಲೆ ಕೈಚೀಲ ಮುಟ್ಟಿ ನೋಡಿಕೊಂಡೆ.

ಸರ್ ಕೋಣೆಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಎಳೆದು, ಗೆರೆಗಳು ಕೂಡುವ ಕಡೆಗಳಲ್ಲೆಲ್ಲ ಚುಕ್ಕೆ ಇಟ್ಟರು. "ಇವು ತಂತಿ. ಪ್ರತಿ ಚುಕ್ಕಿನೂ ಕೂಡಿಸಬಹುದು, ಬಿಡಿಸಬಹುದು. ಅದೂ ಒಂದು, ಸೊನ್ನಿ ಬರದs."

ಹುಲಿಗೆಪ್ಪ ಬಹಳ ಹೊತ್ತು ಚುಕ್ಕೆಗಳನ್ನು ನೋಡಿದ. "ಅಂದ್ರ ನೀವು ಎಲ್ಲಾ ಹೊಲಕ್ಕೂ ಎಲ್ಲಾ ಕಡಿಯಿಂದ ಮೊದಲs ಕಾಲುವಿ ತೋಡಿ ಇಟ್ಟೀರಿ. ಎಲ್ಲಿ ಮಣ್ಣ ಒಡ್ಡು ಹಾಕೂದು, ಎಲ್ಲಿ ಕಡಿಯೂದು ಅನ್ನೂದು ಆಮ್ಯಾಲೆ ಕಾಗದದ ಮ್ಯಾಲೆ ಬರಿತೀರಿ."

"ಹುಲಿಗೆಪ್ಪಾ, ಇದನ್ನ ತಿಳ್ಕೊಳ್ಳಾಕ ನನಗ ಒಂದ ತಿಂಗಳ ಬೇಕಾತು!"

"ನನಗ ಹದಿನೆಂಟ ವರ್ಷ ಆತ್ರಿ."

ಕಂಪ್ಯೂಟರಿಗೂ ಇದಕ್ಕೂ ಏನು ವ್ಯತ್ಯಾಸವೆಂದು ಖಾದರಸಾಬರು ಕೇಳಿದರು. ನಮ್ಮ ಕಚೇರಿಯಲ್ಲಿ ಒಂದು ಕಂಪ್ಯೂಟರ್ ಇತ್ತು. ಅದಿದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗುತ್ತಿದ್ದೆವು. ಸರ್ ಅವರನ್ನೇ ತೋರಿಸಿ, "ಕಂಪ್ಯೂಟರ್ ಅಂದ್ರ ನೀವು. ಒಂದ ಕಡತ ಮುಗದ ಮ್ಯಾಲೆ ಮುಂದಿಂದು" ಎಂದರು. ಅನಂತರ ಕಿಟಕಿಯ ಹೊರಗೆ ಕೈ ಮಾಡಿದರು. ಅಲ್ಲಿ ಎಡ ಕವಲಿನ ಮೊದಲ ಗದ್ದೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ನಿಂತು ನಾಟಿ ಹಾಕುತ್ತಿದ್ದರು. ಹಾಡಿನ ಒಂದು ಎಳೆಗೆ ಎಲ್ಲರೂ ಒಟ್ಟಿಗೆ ಬಗ್ಗಿ, ಒಟ್ಟಿಗೆ ಹಿಂದಕ್ಕೆ ಹೆಜ್ಜೆ ಇಡುತ್ತಿದ್ದರು. "ಇದು ಹಂಗ. ಎಲ್ಲಾ ಕೋಣಿ ಒಂದs ತಾಳಕ್ಕ, ಕೂಡೇ ಕೆಲಸ ಮಾಡ್ತಾವ."

"ಕರೆಂಟ್ ಹೋದ್ರ?" ಹುಲಿಗೆಪ್ಪ ಕೇಳಿದ.

"ಬರದದ್ದೆಲ್ಲಾ ಮರೀತೈತಿ."

"ಹಂಗಾರ ನಮ್ಮ ಕಡೆ ದಿನಕ್ಕ ಎಂಟ ಸಲ ಮರೀತೈತಿ!"

ಅದಕ್ಕಾಗಿಯೇ ಪಕ್ಕದಲ್ಲಿ ಇನ್ನೊಂದು ನೆನಪಿನ ಚಿಪ್ಪು ಇರುತ್ತದೆಂದೂ, ಕರೆಂಟ್ ಮರಳಿದ ಕೂಡಲೆ ಅದರಲ್ಲಿರುವ ಸೊನ್ನೆ ಒಂದುಗಳ ಉದ್ದನೆಯ ಸಾಲನ್ನು ಇದು ಮೊದಲಿನಿಂದ ಓದಿಕೊಂಡು ಮತ್ತೆ ಸಿದ್ಧವಾಗುತ್ತದೆಂದೂ ಸರ್ ವಿವರಿಸಿದರು. ತಿದ್ದುಪಡಿ ಬಂದರೆ ನೆನಪಿನ ಚಿಪ್ಪನ್ನು ಬದಲಿಸಿದರೆ ಸಾಕು. ಹಲಗೆಗೆ ಬೆಸುಗೆ ತಾಕಿಸಬೇಕಿಲ್ಲ. ಮರುದಿನದಿಂದ ಕಚೇರಿಯಲ್ಲಿ ರಾಳದ ವಾಸನೆ ನಿಂತುಹೋಯಿತು. ಅದು ನಿಂತದ್ದರಿಂದಲೂ ನನಗೆ ಏಕೋ ಕಸಿವಿಸಿಯಾಯಿತು.

ಇನ್ನು ತಖ್ತೆಯ ವಿಷಯ. ಬಲದ ಬಾಗಿಲನ್ನು ತೀರ್ಮಾನಿಸುವ ಕೋಣೆಯ ಹದಿನಾರು ಖಾನೆಗಳನ್ನು ಸರ್ ಕೈಬರಹದಲ್ಲಿ ಬರೆದು, ಮೂರು ಪ್ರತಿ ಟೈಪ್ ಮಾಡಲು ನನಗೆ ಕಳುಹಿಸಿದರು. ಸಂಗತಿಗಳು ನಾಲ್ಕು: ಮೇಲಿನ ಕಾಲುವೆಯಲ್ಲಿ ನೀರು ಸಾಕಷ್ಟಿದೆಯೇ, ಎಡ ಕವಲಿಗೆ ನೀರು ಬೇಕೇ, ಬಲ ಕವಲಿಗೆ ನೀರು ಬೇಕೇ, ಹೊಲಗಳ ಹೆಚ್ಚಿನ ನೀರು ಹೋಗುವ ಬಸಿಗಾಲುವೆ ತುಂಬಿದೆಯೇ. ಇವನ್ನು ನೀರಿನಲ್ಲಿ ಬಿಟ್ಟ ತೇಲುಗುಂಡುಗಳು ತಿಳಿಸುತ್ತಿದ್ದವು. ಕೊನೆಯ ಕಾಲಮಿನಲ್ಲಿ ಉತ್ತರ: ಬಲದ ಬಾಗಿಲು ತೆರೆಯಬೇಕಾದರೆ ಒಂದು, ಬೇಡವಾದರೆ ಸೊನ್ನೆ. ಆ ಉತ್ತರ ತಂತಿಯ ಮೂಲಕ ಎಡದ ಬಾಗಿಲಿನ ಕೋಣೆಗೆ ಹೋಗುತ್ತಿತ್ತು. ನೀರು ಸಾಲದಿದ್ದಾಗ ಬಲದ್ದು ಮುಚ್ಚಿದ್ದರೆ ಎಡದ್ದು ತೆರೆಯುವಂತೆ ಅಲ್ಲಿ ಬರೆದಿತ್ತು.

ಹದಿನಾರರಲ್ಲಿ ಹದಿನಾಲ್ಕು ತುಂಬಿದ್ದವು. ಎರಡು ಖಾಲಿ ಇದ್ದವು. ನೀರು ಸಾಲದು, ಎಡದವರಿಗೂ ಬೇಕು, ಬಲದವರಿಗೂ ಬೇಕು. ಆ ಸಾಲು, ಬಸಿಗಾಲುವೆ ತುಂಬಿರದಿದ್ದಾಗಿನ ಖಾನೆ ಮೊದಲನೆಯದು, ತುಂಬಿದ್ದಾಗಿನದು ಎರಡನೆಯದು.

ಏನೂ ಇರದ ಖಾನೆಗಳೆಂದು ಭಾವಿಸಿ ಎರಡರಲ್ಲೂ ಸೊನ್ನೆ ಹೊಡೆದೆ. ಖಾದರಸಾಬರು ಪ್ರತಿಯನ್ನು ಬೆಳಕಿಗೆ ಹಿಡಿದು, "ಶಹಬ್ಬಾಸ್, ಒಂದೂ ಖಾಲಿ ಬಿಟ್ಟಿಲ್ಲ" ಎಂದರು. ಯಂತ್ರ ಚಾಲನೆಯ ದಿನ ಹತ್ತಿರವಾಗಿ, ಸರ್ ಮೂರು ದಿನಗಳಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಟೈಪಾದ ಹಾಳೆಯನ್ನು ಎದುರಿಗಿಟ್ಟುಕೊಂಡು ಅದರಲ್ಲಿದ್ದಂತೆಯೇ ಕಂಪ್ಯೂಟರಿಗೆ ತುಂಬಿ, ನೆನಪಿನ ಚಿಪ್ಪು ತಯಾರಿಸಿದರು. ಅಚ್ಚಾದ ಹಾಳೆಯನ್ನು ಯಾರೂ ಸಂಶಯಿಸುವುದಿಲ್ಲ.

ಆ ದಿನ ಬಂತು. ಯಂತ್ರ ಚಾಲನೆಯಾಯಿತು. ಚಕ್ರವನ್ನು ಕೈಯಿಂದ ಮುಟ್ಟಕೂಡದೆಂದು ಹುಲಿಗೆಪ್ಪನಿಗೆ ಲಿಖಿತ ಆದೇಶವಾಯಿತು. ಅದನ್ನೂ ನಾನೇ ಟೈಪ್ ಮಾಡಿದೆ. ಮೂರು ವಾರ ಎಲ್ಲವೂ ಸರಿಯಾಗಿ ನಡೆಯಿತು. ಸುತ್ತಲಿನವರು ಬಂದು, ಬಾಗಿಲು ತಾನೇ ಏಳುವುದನ್ನು ನೋಡಿ ಹೋಗುತ್ತಿದ್ದರು. ಹುಲಿಗೆಪ್ಪ ಪಕ್ಕದ ಕಲ್ಲಿನ ಮೇಲೆ ಕುಳಿತು, ತನ್ನ ಎರಡು ಕೈಗಳನ್ನು ಎಲ್ಲಿ ಇಡಬೇಕೆಂದು ತಿಳಿಯದವನಂತೆ ಕಂಕುಳಲ್ಲಿ ಇಟ್ಟುಕೊಂಡಿರುತ್ತಿದ್ದ.

ಆಗಸ್ಟ್ ಕೊನೆಯಲ್ಲಿ, ದೇಸಾಯಿ ಸರ್ ಸಭೆಗೆಂದು ರಾಯಚೂರಿಗೆ ಹೋಗಿದ್ದಾಗ, ಮೇಲೆಲ್ಲೋ ದಂಡೆ ಕುಸಿದು ಕಾಲುವೆಯ ನೀರು ಇಳಿಯಿತು. ಮಳೆಯೂ ಕೈಕೊಟ್ಟಿತು. ಎರಡು ದಿನ ಬಲದ ಬಾಗಿಲು ಏಳಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಕೊನೆಯ ಹೊಲದ ಈರಮ್ಮ ಎಂಬವರು ಸೆರಗಿನಲ್ಲಿ ಭತ್ತದ ಸಸಿಯ ಕಟ್ಟು ತಂದು ಖಾದರಸಾಬರ ಮೇಜಿನ ಮೇಲೆ, ಕಡತಗಳ ಮೇಲೆಯೇ ಇಟ್ಟರು.

"ತಗೋರಿ ಸಾಹೇಬ್ರ, ನೀವs ನಾಟಿ ಹಾಕ್ರಿ. ಸಸಿ ಮುದಕಿ ಆಗಾಕತ್ತ್ಯಾವ, ಗದ್ದ್ಯಾಗ ಕಾಲ ಇಟ್ರ ಟಕಟಕ ಅಂತೈತಿ. ಎಡಗಡಿಯವ್ರಿಗೆ ಹೆಂಗ ನೀರ ಹೊಂಟೈತಿ ಅಂತ ನಮಗೂ ಗೊತ್ತೈತಿ."

ಎಡದ ಕವಲಿನ ಊರು ಹುಲಿಗೆಪ್ಪನ ಹೆಂಡತಿಯ ತವರು. ದೂರು ಮೇಲಕ್ಕೆ ಹೋಯಿತು. ಮೇಲಧಿಕಾರಿಗಳು ಜೀಪಿನಲ್ಲಿ ಬಂದರು. ಯಂತ್ರದ ದೀಪಗಳು ಸರಿಯಾಗಿ ಉರಿಯುತ್ತಿದ್ದವು. ಅವರು ಯಂತ್ರ ನಿಲ್ಲಿಸಿ, ಬಲದ ಬಾಗಿಲನ್ನು ಕೈಯಿಂದ ತೆರೆಸಿ, ಹುಲಿಗೆಪ್ಪನಿಂದ ವಿವರಣೆ ಕೇಳಲು ಆಜ್ಞಾಪಿಸಿ ಹೋದರು.

ಖಾದರಸಾಬರು ಹೇಳುತ್ತ ಹೋದರು, ನಾನು ಟೈಪ್ ಮಾಡುತ್ತ ಹೋದೆ. "ಸದರಿ ದಿನಗಳಂದು ಕಾಲುವೆಯಲ್ಲಿ ನೀರಿನ ಕೊರತೆ ಇದ್ದು, ಎಡ ಹಾಗೂ ಬಲ ಕವಲುಗಳೆರಡಕ್ಕೂ ನೀರಿನ ಅವಶ್ಯಕತೆ ಇದ್ದಾಗ್ಯೂ, ಬಸಿಗಾಲುವೆ ಖಾಲಿ ಇದ್ದಾಗ್ಯೂ, ನೀವು ಸ್ವಂತ ಹಿತಾಸಕ್ತಿಯಿಂದ ಬಲದ ಬಾಗಿಲನ್ನು ಮುಚ್ಚಿರುವುದಾಗಿ ಕಂಡುಬಂದಿದೆ. ನಿಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗಾಗಿ..."

ನನ್ನ ಬೆರಳು ನಿಂತಿತು. ಕೊರತೆ ಇದೆ. ಎಡಕ್ಕೆ ಬೇಕು. ಬಲಕ್ಕೆ ಬೇಕು. ಬಸಿಗಾಲುವೆ ತುಂಬಿಲ್ಲ. ಈ ಸಾಲನ್ನು ನಾನು ಮೊದಲೊಮ್ಮೆ ಟೈಪ್ ಮಾಡಿದ್ದೆ.

"ಯಾಕ ನಿಂತ್ರಿ ಬಾಯಾರ?"

"ಸಾಹೇಬ್ರ, ಯಂತ್ರದಾಗs ತಪ್ಪಿದ್ರ?"

"ಯಂತ್ರಕ್ಕ ಅತ್ತಿಮನಿ ಇರೂದಿಲ್ಲ. ಹೊಡೀರಿ ಮುಂದ."

ಊಟದ ವೇಳೆಯಲ್ಲಿ ಕಡತ ತೆಗೆದು ಸರ್ ಅವರ ಕೈಬರಹದ ಹಾಳೆ ನೋಡಿದೆ. ಎರಡು ಖಾನೆಗಳು ಖಾಲಿ. ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ, ಅಂದು ನಾನು ಗಮನಿಸದೆ ಹೋಗಿದ್ದ ಎರಡು ಶಬ್ದಗಳು: "ಹುಲಿಗೆಪ್ಪನ್ನ ಕೇಳಬೇಕು."

ಆ ಮಧ್ಯಾಹ್ನ ನಾನು ಹತ್ತು ಸಲ ಕೈ ತೊಳೆದುಕೊಂಡೆ. ಕಾರ್ಬನ್ನಿನ ಕಪ್ಪು ಹೋಗಿತ್ತು, ಆದರೂ ತೊಳೆದೆ. ನನ್ನ ಎಂಬತ್ತೊಂಬತ್ತರಲ್ಲಿ ಉಳಿದಿದ್ದುದು ಆರು ದಿನ. ಕುಕನೂರಿನಲ್ಲಿ ನನ್ನ ತಂಗಿಯ ಕಾಲೇಜಿನ ಅರ್ಜಿ ನನ್ನ ಮುಂದಿನ ಆದೇಶವನ್ನು ಕಾಯುತ್ತಿತ್ತು. ಹೇಳಿದರೆ ನಾನು ಹೋಗುತ್ತೇನೆ. ಹೇಳದಿದ್ದರೆ ಹದಿನೆಂಟು ವರ್ಷ ದುಡಿದ ಹುಲಿಗೆಪ್ಪ ಹೋಗುತ್ತಾನೆ. ಸಂಜೆ ಖಾದರಸಾಬರ ಮೇಜಿನವರೆಗೆ ನಡೆದು, ಗುಂಡುಪಿನ್ನು ಬೇಕೆಂದು ಕೇಳಿ ಹಿಂದಿರುಗಿದೆ. ಮರುದಿನ ಬೆಳಿಗ್ಗೆಯೂ ಹಾಗೆಯೇ ಆಯಿತು. ನನ್ನ ಮೇಜಿನ ಮೇಲೆ ಎರಡು ಡಬ್ಬಿ ಗುಂಡುಪಿನ್ನುಗಳು ಸೇರಿದವು.

ಆ ದಿನ ಮಧ್ಯಾಹ್ನ ಹುಲಿಗೆಪ್ಪನೇ ಬಂದ. ವಿವರಣೆ ಕೇಳಿದ ಆ ಜ್ಞಾಪನ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ ಇಟ್ಟುಕೊಂಡಿದ್ದ.

"ಬಾಯಾರ, ಇದಕ್ಕ ಜವಾಬು ಬರದ ಕೊಡ್ರಿ. ನಾನು ಬರದ್ರ ಅದು ಜಗಳ ಆಗತೈತಿ, ಕಾಗದ ಆಗೂದಿಲ್ಲ."

"ಏನಂತ ಬರೀಲಿ ಅಣ್ಣಾರ?"

"ನಾ ಮುಟ್ಟಿಲ್ಲ ಅಂತ ಬರೀರಿ. ಬಾಗಲಾ ಏಳಲಿಲ್ಲ, ನಾ ಕುಂತು ನೋಡಿದ್ನಿ. ಎರಡ ದಿನ ಕೈ ತುರಿಸಿದ್ರೂ ಮುಟ್ಟಲಿಲ್ಲ. ಮುಟ್ಟಬಾರದು ಅಂತ ನೀವs ಹೊಡದ ಕೊಟ್ಟಿದ್ರೆಲ್ಲ ಆರ್ಡರು."

ನಾನು ಕಾಗದ ಏರಿಸಿದೆ. "ಮಾನ್ಯರೆ" ಎಂದು ಹೊಡೆದೆ. ಮುಂದೆ ಹೊಡೆಯಲಾಗಲಿಲ್ಲ. ಕೈಬರಹದ ಹಾಳೆಯನ್ನೂ ಟೈಪಾದ ಹಾಳೆಯನ್ನೂ ಅವನೆದುರು ಇಟ್ಟು, ಯಾವ ಖಾನೆಯಲ್ಲಿ ನಾನು ಏನು ಮಾಡಿದೆನೆಂದು ಬೆರಳಿಟ್ಟು ತೋರಿಸಿದೆ. ನನ್ನ ಧ್ವನಿ ಎಷ್ಟು ಸಣ್ಣದಾಗಿತ್ತೆಂದರೆ ಅವನು ಎರಡು ಸಲ "ಆಂ?" ಎಂದ.

ಎರಡು ಹಾಳೆಗಳನ್ನೂ ಪಕ್ಕಪಕ್ಕ ಸರಿಸಿಟ್ಟು ನೋಡಿದ. ಆಮೇಲೆ, "ತಂಗೀ, ಎರಡ ದಿನದಿಂದ ನನ್ನ ಹೆಂಡ್ತಿ ನನ್ನ ಕೂಡ ಮಾತ ಬಿಟ್ಟಾಳ. ನನ್ನ ತವರಿಗೆ ಕಳ್ಳತನದ ನೀರ ಬಿಟ್ಟು ಹೆಸರ ಕೆಡಿಸಿದಿ ಅಂತ" ಎಂದ. ಕೂಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅವನು ಪೆನ್ಸಿಲಿನ ಬರಹದ ಮೇಲೆ ಹೆಬ್ಬೆರಳಿಟ್ಟ. "ಇದೇನ ಬರದಾರ?"

"ಹುಲಿಗೆಪ್ಪನ್ನ ಕೇಳಬೇಕು ಅಂತ."

"ಮತ್ತ ಕೇಳ್ರಿ."

"ಏನು?"

"ಕೇಳ್ರಿ ಅಂದ್ನಿ. ಈ ಖಾನೆದಾಗ ಏನ ಹಾಕೂದಂತ."

ಕೇಳಿದೆ. ಹದಿನೆಂಟು ವರ್ಷ ಯಾರೂ ಕೇಳದಿದ್ದುದನ್ನು ಅವನು ತಡೆಯದೆ ಹೇಳಿದ. "ನೀರ ಕಮ್ಮಿ ಇದ್ದಾಗ ಮೊದಲ ಬಲಗಡಿಗೆ. ಅಲ್ಲಿಗೆ ನೀರ ಮುಟ್ಟಾಕs ಅರ್ಧ ದಿನ ಬೇಕು. ಎಡಗಡಿಯವ್ರ ಹೊಲ ಕಾಲುವಿ ಬಾಜೂಕs ಐತಿ, ದಂಡಿಯಿಂದ ಜಿನುಗಿದ್ದs ಅವ್ರಿಗೆ ಎರಡ ದಿನ ನಡೀತೈತಿ. ಖರೆ ಬಸಿಗಾಲುವಿ ತುಂಬಿದ್ರ ಅಲ್ಲಿ ಮಳಿ ಆಗೈತಿ ಅಂತ ಅರ್ಥ, ಆಗ ಬಲಗಡಿ ತಗೀಬಾರದು. ನನ್ನ ಅತ್ತಿಮನ್ಯಾವ್ರು ವರ್ಷಾ ಬೈತಾರ ನನಗ, ಇದಕ್ಕs."

ಅಂದರೆ ನನ್ನ ಎರಡು ಸೊನ್ನೆಗಳಲ್ಲಿ ಒಂದು ಸರಿ ಇತ್ತು. ಒಂದು ಮಾತ್ರ ತಪ್ಪು.

ಅವನ ಜವಾಬನ್ನು ಟೈಪ್ ಮಾಡಿದೆ. ಅದನ್ನು ತೆಗೆದು ಇನ್ನೊಂದು ಹಾಳೆ ಏರಿಸಿ, ಜೀವನದಲ್ಲಿ ಮೊದಲ ಬಾರಿಗೆ, "ಇಂದ" ಎಂಬುದರ ಮುಂದೆ ನನ್ನ ಹೆಸರು ಹೊಡೆದೆ. ವಿಷಯ: ತಖ್ತೆಯಲ್ಲಿನ ಖಾಲಿ ಖಾನೆಗಳನ್ನು ಕೇಳದೆ ತುಂಬಿದ ಬಗ್ಗೆ. ಎರಡನ್ನೂ ಖಾದರಸಾಬರ ಮೇಜಿನ ಮೇಲಿಟ್ಟೆ. ಅವರು ಓದಿದರು, ಕನ್ನಡಕ ತೆಗೆದರು, ಮತ್ತೆ ಹಾಕಿಕೊಂಡು ಓದಿದರು.

"ಬಾಯಾರ, ನಿಮ್ಮ ಅವಧಿ ಮುಗಿಯಾಕ ಐದ ದಿನ ಅದಾವ. ಇದನ್ನ ಕೊಡಬೇಕs?"

"ಕೊಡತೀನ್ರಿ."

"ಖಾಲಿ ಬಿಡಬ್ಯಾಡ್ರಿ ಅಂತ ನಾನs ಹೇಳಿದ್ನಿ" ಎಂದು ಮೆಲ್ಲಗೆ ಹೇಳಿ, ಪತ್ರ ಬಂದದ್ದಕ್ಕೆ ಆವಕ ಮುದ್ರೆ ಒತ್ತಿದರು.

ದೇಸಾಯಿ ಸರ್ ಮರುದಿನ ಬಂದರು. ಪತ್ರ ಓದಿ, "ಖಾಲಿ ಬಿಟ್ಟಾವ ನಾನು. ಚಿಪ್ಪಿನಾಗ ಖಾಲಿ ಅನ್ನೂದ ಇರೂದಿಲ್ಲ ಅಂತ ಗೊತ್ತಿದ್ದೂ ಬಿಟ್ಟೆ" ಎಂದರು. ಮೇಲಕ್ಕೆ ತಾವೂ ಒಂದು ಪತ್ರ ಬರೆದರು. ನಂತರ ಹುಲಿಗೆಪ್ಪನನ್ನು ಕಂಪ್ಯೂಟರಿನ ಪಕ್ಕದಲ್ಲಿ ಕೂರಿಸಿಕೊಂಡು, ಅವನು ಹೇಳಿದಂತೆ ಒಂದು ಸೊನ್ನೆಯನ್ನು ಒಂದು ಮಾಡಿದರು. ಯಂತ್ರವಿದ್ದ ಕಾಲುವೆ ದಂಡೆಯ ಗುಡಿಸಲಿನಲ್ಲಿ ಹಳೆಯ ನೆನಪಿನ ಚಿಪ್ಪನ್ನು ಕಿತ್ತು ಹೊಸದನ್ನು ಕೂರಿಸಿ, ಕರೆಂಟ್ ಆರಿಸಿ ಹೊತ್ತಿಸಿದರು. ಅದೇ ಹಲಗೆ, ಅದೇ ಚಿಪ್ಪು. ಎಲ್ಲಿಯೂ ಹೊಗೆ ಏಳಲಿಲ್ಲ. ನೀರು ಇನ್ನೂ ಕಡಿಮೆಯೇ ಇತ್ತು. ಎರಡು ಕವಲುಗಳೂ ಕೇಳುತ್ತಿದ್ದವು. ಮೋಟರು ಗುಂಯ್ ಎಂದಿತು, ಬಲದ ಬಾಗಿಲು ಮೊಳಕಾಲುದ್ದ ಎದ್ದಿತು. ಹುಲಿಗೆಪ್ಪ ಕಂಕುಳಿನಿಂದ ಕೈ ತೆಗೆದು ಮೀಸೆ ಮುಟ್ಟಿಕೊಂಡ.

"ಈಗ ನನ್ನಂಗ ಮಾಡಾಕತ್ತೈತಿ. ಬೈಗಳಾನೂ ಇದಕ್ಕs ಹತ್ತಲಿ."

ಜ್ಞಾಪನ ಪತ್ರವನ್ನು ಹಿಂಪಡೆಯಲಾಗಿದೆ ಎಂಬ ಆದೇಶ ನಾಲ್ಕನೆಯ ದಿನ ಬಂತು. ಅದರ ಜೊತೆಯ ಇನ್ನೊಂದು ಲಕೋಟೆಯಲ್ಲಿ, ನನ್ನ ಸೇವೆಯನ್ನು ಮುಂದುವರಿಸುವ ಅಗತ್ಯ ಕಂಡುಬರುವುದಿಲ್ಲ ಎಂದಿತ್ತು. ಕಾರಣ ಬರೆದಿರಲಿಲ್ಲ. ತಂಗಿ ಆ ವರ್ಷ ಕಾಲೇಜಿಗೆ ಸೇರಲಿಲ್ಲ. ಮುಂದಿನ ವರ್ಷ ಸೇರಿದಳು. ನಾನು ಪರೀಕ್ಷೆ ಬರೆದು ಕುಷ್ಟಗಿಯ ನೌಕರಿಗೆ ಸೇರಿದ್ದು ಅದರ ನಂತರದ ಮಾತು.

ಎಂಬತ್ತೊಂಬತ್ತನೆಯ ದಿನ ಮಧ್ಯಾಹ್ನ, ಮಳೆ ಮತ್ತೆ ಹಿಡಿದಿದ್ದಾಗ, ಖಾದರಸಾಬರು ಒಂದು ಕರಡು ತಂದು ನನ್ನ ಮುಂದಿಟ್ಟರು. ಹುಲಿಗೆಪ್ಪನನ್ನು ಕಾಯಂ ಮಾಡುವ ಪ್ರಸ್ತಾವನೆಯ ತಖ್ತೆ. ಹೆಸರು, ತಂದೆಯ ಹೆಸರು, ಸೇರಿದ ದಿನಾಂಕ, ಎಲ್ಲ ತುಂಬಿತ್ತು. ಹೊಡೆಯುತ್ತ ಹನ್ನೊಂದನೆಯ ಕಾಲಮಿಗೆ ಬಂದೆ. "ನೌಕರನ ಮೇಲಿನ ಆಪಾದನೆಗಳು, ಇದ್ದಲ್ಲಿ." ಕರಡಿನಲ್ಲಿ ಆ ಖಾನೆ ಖಾಲಿ ಇತ್ತು.

ಬೆರಳು ತಾನಾಗಿಯೇ ಸೊನ್ನೆಯ ಕಡೆಗೆ ಹೋಯಿತು. ಅದನ್ನು ಹಿಂದಕ್ಕೆ ತೆಗೆದುಕೊಂಡು, ಹಾಳೆಯನ್ನು ಯಂತ್ರದಲ್ಲೇ ಬಿಟ್ಟು ಎದ್ದೆ. ಖಾದರಸಾಬರ ಮೇಜಿನ ಮುಂದೆ ನಿಂತೆ.

"ಗುಂಡಪಿನ್ ಬೇಕೇನ್ರಿ?" ಎಂದರು ಅವರು, ತಲೆ ಎತ್ತದೆ.

"ಹನ್ನೊಂದನೇ ಖಾನೆ ಖಾಲಿ ಐತ್ರಿ. ಅದರಾಗ ಏನ ಬರೀಲಿ?"

ಅವರು ಪೆನ್ನು ಕೆಳಗಿಟ್ಟರು. ಹೊರಗೆ ಜಗಲಿಯಲ್ಲಿ ಹುಲಿಗೆಪ್ಪ ಕೊಡೆ ಮಡಚುತ್ತಿದ್ದ. ಅವನ ಕಡೆಗೆ ಒಮ್ಮೆ ನೋಡಿ, ನನ್ನ ಕಡೆಗೆ ತಿರುಗಿದರು.

"'ಇಲ್ಲ' ಅಂತ ಬರೀರಿ. ಸೊನ್ನಿ ಬ್ಯಾಡ. ಅಕ್ಷರದಾಗ ಬರೀರಿ."

ಹಿಂದಿರುಗಿ ಕುಳಿತು ಬರೆದೆ. ನಾಲ್ಕು ಪ್ರತಿಗಳಿದ್ದವು. ಕೊನೆಯ ಪ್ರತಿಯವರೆಗೂ ಮೂಡಲೆಂದು ಎಷ್ಟು ಒತ್ತಿ ಹೊಡೆದೆನೆಂದರೆ, ಹಾಳೆ ತಿರುಗಿಸಿ ಬೆರಳಾಡಿಸಿದಾಗ ಆ ಎರಡು ಅಕ್ಷರಗಳು ಹಿಂಬದಿಗೂ ಉಬ್ಬಿ ಕೈಗೆ ಸಿಗುತ್ತಿದ್ದವು.